ಮುಂದಿನ ಗುರುವಾರ ಪಾಪುಗೆ ಪೆಂಟಾ ಇಂಜೆಕ್ಷನ್. "ಲಕ್ಷಕ್ಕೊಂದು" ಅಂದರೆ ನಿಜವಾಗಿ ಏನು?

ಪ್ರಶ್ನೆ: ಅರಕಲಗೂಡಿನ ಹೊಸ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಐದು ವಾರ. ಮುಂದಿನ ಗುರುವಾರಕ್ಕೆ ಆರು ತುಂಬುತ್ತದೆ. ಆವತ್ತು ಅಂಗನವಾಡಿಯಲ್ಲಿ ಪೆಂಟಾವೇಲೆಂಟ್ ಇಂಜೆಕ್ಷನ್ ಇದೆ. ಅದರ ಜೊತೆ ನ್ಯುಮೋನಿಯಾಕ್ಕೆ ಪಿಸಿವಿ, ಪೋಲಿಯೋಗೆ ಸೂಜಿಯಲ್ಲಿ ಐಪಿವಿ, ಮತ್ತೆ ಬಾಯಿಗೆ ಹಾಕುವ ಪೋಲಿಯೋ, ಭೇದಿಗೆ ರೋಟಾ. ಆಶಾ ಅಕ್ಕ ಬಂದು ಹೇಳಿ ಹೋದಾಗಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಕಾರಣ ಹೇಳುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಪಕ್ಕದ ಬೀದಿಯಲ್ಲಿ ಮೂರು ತಿಂಗಳ ಗಂಡುಮಗು ಇಂಜೆಕ್ಷನ್ ಹಾಕಿಸಿದ ಮಾರನೇ ದಿನ ಬೆಳಿಗ್ಗೆ ತೀರಿಕೊಂಡಿತು. ನಮ್ಮತ್ತೆ ಆ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿದವರು. ಅವರು ಇವತ್ತಿಗೂ ಆ ಬೀದಿಯಲ್ಲಿ ನಡೆಯುವುದಿಲ್ಲ, ಸುತ್ತು ಹಾಕಿಕೊಂಡು ಅಂಗಡಿಗೆ ಹೋಗುತ್ತಾರೆ. ಅದರ ಮೇಲೆ 2025ರ ಜೂನ್‌ನಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಹಾರ್ಟ್ ಅಟ್ಯಾಕ್ ಸುದ್ದಿ ದಿನಾ ಟಿವಿಯಲ್ಲಿ ಬಂತು. ಎಲ್ಲರೂ ಕೋವಿಡ್ ಲಸಿಕೆ ಅಂದರು. ಅಲ್ಲಿಂದ ಅತ್ತೆಗೆ ಸೂಜಿ ಅಂದರೇ ಭಯ. "ನನ್ನ ಮೊಮ್ಮಗಳಿಗೆ ಬೇಡ" ಅಂತ ಕಣ್ಣಲ್ಲಿ ನೀರು ಹಾಕುತ್ತಾರೆ. ಅವರನ್ನು ದಡ್ಡರು ಅಂತ ಯಾರೂ ಬರೆಯಬೇಡಿ. ಅವರು ಕಣ್ಣಾರೆ ಕಂಡಿದ್ದಾರೆ.

ನಾನು ಒಬ್ಬ ಡಾಕ್ಟರ್ ಹತ್ತಿರ ಕೇಳಿದೆ. "ಲಕ್ಷಕ್ಕೊಂದು ಕಣಮ್ಮ, ಯೋಚನೆ ಮಾಡಬೇಡಿ" ಅಂದು ಮುಂದಿನವರನ್ನು ಕರೆದರು. ಲಕ್ಷಕ್ಕೊಂದು ಏನು? ಜ್ವರವಾ, ಫಿಟ್ಸಾ, ಸಾವಾ? ಲಕ್ಷ ಮಕ್ಕಳಿಗಾ, ಲಕ್ಷ ಇಂಜೆಕ್ಷನ್‌ಗಾ? ಎಣಿಸಿದವರು ಯಾರು? ವಾಟ್ಸಾಪಿನಲ್ಲಿ "ಲಸಿಕೆ ನಂತರ ಸತ್ತವರು" ಅಂತ ದೊಡ್ಡ ಸಂಖ್ಯೆ ಬರುತ್ತದೆ, ಅದನ್ನಾದರೂ ಹೇಗೆ ಓದಬೇಕು? ನಾನು ಬಿಕಾಂ ಮಾಡಿದವಳು. ಸಮಾಧಾನ ಬೇಡ, ಲೆಕ್ಕ ಬೇಕು. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.


ಉತ್ತರ 1: ನಿವೃತ್ತ ಸಿಸ್ಟರ್, ಸಕಲೇಶಪುರ

ತಾಯಿ, ನಿಮ್ಮ ಪ್ರಶ್ನೆ ಓದಿ ಕೂತುಬಿಟ್ಟೆ. ನಾನು 29 ವರ್ಷ ಉಪಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಗುರುವಾರ ಅಂದರೆ ನನಗೆ ಇವತ್ತಿಗೂ ಲಸಿಕೆ ದಿನವೇ, ಬೆಳಿಗ್ಗೆ ಐದಕ್ಕೆ ಎಚ್ಚರ ಆಗುತ್ತದೆ.

ಮೊದಲು ನನ್ನದೇ ಲೆಕ್ಕ ಕೊಡುತ್ತೇನೆ. ನಮ್ಮ ಉಪಕೇಂದ್ರಕ್ಕೆ ಸುಮಾರು 4 ಸಾವಿರ ಜನ. ವರ್ಷಕ್ಕೆ 70ರ ಆಸುಪಾಸು ಮಕ್ಕಳು. 29 ವರ್ಷಕ್ಕೆ 2 ಸಾವಿರ ಮಕ್ಕಳು ಅಂದುಕೊಳ್ಳಿ. ಒಂದೊಂದು ಮಗುವಿಗೆ ಹತ್ತು ಸೂಜಿ ಹಿಡಿದರೂ ನನ್ನ ಈ ಕೈಯಿಂದ 20 ಸಾವಿರ ಇಂಜೆಕ್ಷನ್. ಜ್ವರ ಬಂದದ್ದಕ್ಕೆ ಲೆಕ್ಕವೇ ಇಲ್ಲ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಸೇರಿ ಕೊಡುವ ಡಿಪಿಟಿ ಹಾಕಿದ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೆ ಆ ರಾತ್ರಿ ಮೈ ಬಿಸಿಯಾಗುತ್ತದೆ, ತೊಡೆ ಊದುತ್ತದೆ. ಪೆಂಟಾದಲ್ಲೂ ಅದೇ ಡಿಪಿಟಿ ಇದೆ, ಜೊತೆಗೆ ಹೆಪಟೈಟಿಸ್ ಬಿ ಮತ್ತು ಹಿಬ್ (ನ್ಯುಮೋನಿಯಾ, ಮೆದುಳು ಜ್ವರ ತರುವ ಒಂದು ರೋಗಾಣು) ಸೇರಿದೆ. ಮೂರು ಗಂಟೆ ಬಿಡದೆ ಅತ್ತ ಮಕ್ಕಳನ್ನು ನೋಡಿದ್ದೇನೆ. ಕ್ಷಯಕ್ಕೆ ಹಾಕುವ ಬಿಸಿಜಿ ಆದ ಮೇಲೆ ಕಂಕುಳಲ್ಲಿ ಗಂಟು ಬಂದದ್ದನ್ನು ನೋಡಿದ್ದೇನೆ. ಆದರೆ ಎಲ್ಲರೂ ಹೆದರುವ ಆ ದೊಡ್ಡ ಅಲರ್ಜಿ, ಉಸಿರು ಕಟ್ಟಿ ಬಿಪಿ ಬೀಳುವ ಅನಫೈಲಾಕ್ಸಿಸ್, ಒಂದನ್ನೂ ನೋಡಿಲ್ಲ. ಬ್ಯಾಗಿನಲ್ಲಿ ಅದಕ್ಕೆ ಕೊಡುವ ಔಷಧಿ ಅಡ್ರಿನಲಿನ್ ಇಟ್ಟುಕೊಂಡೇ ತಿರುಗಿದೆ, ಆಂಪೂಲ್ ಡೇಟ್ ಮುಗಿದಾಗ ಬದಲಾಯಿಸಿದೆ, ಒಡೆಯುವ ಸಂದರ್ಭ ಬರಲಿಲ್ಲ.

ಇದನ್ನೇ ಹಿಡಿದು ನಾನು ತಾಯಂದಿರಿಗೆ "ನನ್ನ ಸರ್ವಿಸಿನಲ್ಲಿ ಏನೂ ಆಗಿಲ್ಲಮ್ಮ, ಧೈರ್ಯವಾಗಿರು" ಅನ್ನುತ್ತಿದ್ದೆ. ಎಷ್ಟೋ ವರ್ಷ ಅಂದೆ. ಆಮೇಲೆ ಒಂದು ತರಬೇತಿಯಲ್ಲಿ ಅಮೆರಿಕದ ಲೆಕ್ಕ ತೋರಿಸಿದರು. ಅಲ್ಲಿ ಎರಡೂವರೆ ಕೋಟಿ ಡೋಸ್‌ಗಳ ದಾಖಲೆ ಹುಡುಕಿದಾಗ ಸಿಕ್ಕಿದ್ದು 33 ಅನಫೈಲಾಕ್ಸಿಸ್. ಯಾರೂ ಸಾಯಲಿಲ್ಲ. ಅಂದರೆ 10 ಲಕ್ಷ ಡೋಸಿಗೆ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಮನೆಗೆ ಬಂದು ನನ್ನ 20 ಸಾವಿರಕ್ಕೆ ಹಾಕಿ ನೋಡಿದೆ. ನನ್ನಂಥ 38 ಜನ ಸಿಸ್ಟರ್‌ಗಳು ಪೂರ್ತಿ ಸರ್ವಿಸ್ ಮುಗಿಸಿದರೆ ಅವರಲ್ಲಿ ಒಬ್ಬರ ಕಣ್ಣಿಗೆ ಒಂದು ಬೀಳಬಹುದು! ಹಾಗಿದ್ದ ಮೇಲೆ "ನಾನು ನೋಡಿಲ್ಲ" ಅನ್ನುವ ನನ್ನ ಮಾತಿಗೆ ಎಷ್ಟು ತೂಕ? ನೂರಕ್ಕೊಂದು ಆಗುವ ಅಪಾಯವಾದರೆ ನನಗೆ ಕಾಣಿಸುತ್ತಿತ್ತು. 10 ಲಕ್ಷಕ್ಕೊಂದು ಆಗುವುದು ಒಬ್ಬ ಸಿಸ್ಟರ್ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ನಿಮಗೆ ಆ ಮಾತು ಹೇಳುವುದಿಲ್ಲ.

ಈಗ ನಿಮ್ಮ ಅತ್ತೆಯ ವಿಷಯ. ಅವರ ಹತ್ತಿರ ನಾನು ಕೂತು ಮಾತಾಡುವ ಹಾಗಿದ್ದರೆ ಇದೊಂದು ಹೇಳುತ್ತಿದ್ದೆ.

1998ರ ಮಳೆಗಾಲ. ಒಂದು ಕಾಫಿ ಎಸ್ಟೇಟಿನ ಲೈನ್ ಮನೆಗಳಲ್ಲಿ ಆ ಗುರುವಾರ ಏಳು ಮಕ್ಕಳಿಗೆ ಲಸಿಕೆ ಇತ್ತು. ನನ್ನ ಪಟ್ಟಿಯಲ್ಲಿ ಮೂರನೇ ಹೆಸರು ಎರಡೂವರೆ ತಿಂಗಳ ಹೆಣ್ಣುಮಗು, ಎರಡನೇ ಡಿಪಿಟಿ. ಬಸ್ಸು ತಡವಾಗಿ ನಾನು ಹೋದಾಗ ಹತ್ತೂವರೆ. ಲಸಿಕೆ ಕ್ಯಾರಿಯರ್ ಹೆಗಲಿಂದ ಇಳಿಸುವ ಮೊದಲೇ ಜನ ಗುಂಪು ಕೂಡಿದ್ದು ಕಂಡಿತು. ಮಗು ಬೆಳಗಿನ ಜಾವ ಮಲಗಿದ್ದಲ್ಲೇ ಹೋಗಿತ್ತು. ಸಂಜೆ ಹಾಲು ಕುಡಿದು ಚೆನ್ನಾಗಿ ಆಡಿದ ಮಗು. ತಾಯಿ ಹಿಂದಿನ ರಾತ್ರಿಯೇ ಲಸಿಕೆ ಕಾರ್ಡು ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು, ಬೆಳಿಗ್ಗೆ ಹುಡುಕುವುದು ಬೇಡ ಅಂತ. ಆ ಗಂಟು ಹಾಗೇ ಇತ್ತು.

ನಾನು ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ಯೋಚಿಸಿದ್ದು ಇಷ್ಟೇ. ಆ ಮಗು ಇನ್ನೊಂದು ದಿನ ಬದುಕಿದ್ದರೆ? ಬುಧವಾರ ರಾತ್ರಿ ಬದಲು ಗುರುವಾರ ರಾತ್ರಿ ಹೋಗಿದ್ದರೆ? ಆ ಲೈನಿನ ಒಬ್ಬ ತಾಯಿಯೂ ಮುಂದೆ ತೊಡೆ ತೋರಿಸುತ್ತಿರಲಿಲ್ಲ. ಅವರಿಗೇನು, ನನಗೇ ನನ್ನ ಸೂಜಿಯ ಮೇಲೆ ಅನುಮಾನ ಬರುತ್ತಿತ್ತು. ಸಾಯುವವರೆಗೂ ಬರುತ್ತಿತ್ತು.

ನಿಮ್ಮ ಪಕ್ಕದ ಬೀದಿಯ ಮಗು ಯಾಕೆ ಹೋಯಿತು ಅಂತ ನಾನು ಇಲ್ಲಿ ಕೂತು ಹೇಳಲಾರೆ. ಇಂಜೆಕ್ಷನ್ ಅಲ್ಲವೇ ಅಲ್ಲ ಅಂತಲೂ ಹೇಳುವುದಿಲ್ಲ. ಮಾರನೇ ದಿನ ಹೋಯಿತು ಅನ್ನುವುದೊಂದರಿಂದ ತೀರ್ಮಾನ ಮಾಡಲು ಆಗುವುದಿಲ್ಲ ಅಂತ ಮಾತ್ರ ಹೇಳುತ್ತೇನೆ. ದೇಶದ ಲೆಕ್ಕ ಬಲ್ಲವರು ಇಲ್ಲಿ ಯಾರಾದರೂ ಇದ್ದರೆ ಮುಂದುವರಿಸಲಿ.


ಉತ್ತರ 2: ಲೆಕ್ಕದ ಮೇಷ್ಟ್ರು, ತುಮಕೂರು

ಸಿಸ್ಟರ್, ನೀವು ಹೇಳಿದ ಬುಧವಾರ-ಗುರುವಾರದ ಮಾತೇ ಇಡೀ ವಿಷಯದ ತಿರುಳು. ನಾನು ಪದವಿ ಮಕ್ಕಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುವವನು. ಅದನ್ನೇ ದೇಶದ ಮಟ್ಟಕ್ಕೆ ಹಾಕಿ ತೋರಿಸುತ್ತೇನೆ. ಬಿಕಾಂ ಮಾಡಿದವರು ನೀವು, ಪೆನ್ನು ಹಿಡಿದು ಜೊತೆಗೆ ಬನ್ನಿ.

ಜನನ ಮರಣ ಎಣಿಸುವ ಸರ್ಕಾರಿ ಸಮೀಕ್ಷೆ ಎಸ್‌ಆರ್‌ಎಸ್‌ನ 2020ರ ಲೆಕ್ಕದ ಪ್ರಕಾರ ಭಾರತದಲ್ಲಿ ಸಾವಿರ ಮಕ್ಕಳು ಹುಟ್ಟಿದರೆ 28 ಮಕ್ಕಳು ಒಂದು ವರ್ಷ ತುಂಬುವ ಮೊದಲೇ ಹೋಗುತ್ತವೆ. ಅದರಲ್ಲಿ 20 ಮೊದಲ 28 ದಿನದಲ್ಲೇ. ಉಳಿದ 8 ಸಾವು ಒಂದು ತಿಂಗಳಿಂದ ಒಂದು ವರ್ಷದ ನಡುವೆ. ದೇಶದಲ್ಲಿ ವರ್ಷಕ್ಕೆ ಸುಮಾರು ಎರಡೂವರೆ ಕೋಟಿ ಮಕ್ಕಳು ಹುಟ್ಟುತ್ತಾರೆ. ಎರಡೂವರೆ ಕೋಟಿಗೆ ಸಾವಿರಕ್ಕೆ 8ರಂತೆ 2 ಲಕ್ಷ. ಆ ಹನ್ನೊಂದು ತಿಂಗಳ 336 ದಿನಕ್ಕೆ ಭಾಗಿಸಿ. ದಿನಕ್ಕೆ ಸುಮಾರು 600.

ಈಗ ಹೀಗೆ ಯೋಚಿಸಿ. ಪೆಂಟಾ ಬದಲು ಎಲ್ಲ ಮಕ್ಕಳಿಗೂ ಶುದ್ಧ ನೀರನ್ನೇ ಚುಚ್ಚಿದೆವು ಅಂತಿಟ್ಟುಕೊಳ್ಳಿ. ಆಗಲೂ ಮೊದಲ ಡೋಸಿನ ಮಾರನೇ ದಿನ ಒಂದು ವರ್ಷದಲ್ಲಿ 600 ಮಕ್ಕಳು ಹೋಗುತ್ತವೆ. ಎರಡನೇ ಡೋಸಿಗೆ 600, ಮೂರನೆಯದಕ್ಕೆ 600. ನಿಮ್ಮ ಡಾಕ್ಟರ್ ಭಾಷೆಯಲ್ಲಿ ಹೇಳಬೇಕಾದರೆ, ಲಕ್ಷ ಡೋಸಿಗೆ ಎರಡರಿಂದ ಮೂರು ಸಾವು, ನೀರು ಚುಚ್ಚಿದರೂ, ಏನೂ ಚುಚ್ಚದಿದ್ದರೂ. ನ್ಯುಮೋನಿಯಾ, ಭೇದಿ, ಹುಟ್ಟಿನಿಂದ ಬಂದ ಹೃದಯದ ತೊಂದರೆ, ಕಾರಣವೇ ಸಿಗದ ನಿದ್ದೆಯ ಸಾವು, ಇವೆಲ್ಲ ಇಂಜೆಕ್ಷನ್ ದಿನ ನೋಡಿಕೊಂಡು ಬರುವುದಿಲ್ಲ ಅಲ್ವಾ?

ಇದು ಒರಟು ಲೆಕ್ಕ. ಎಲ್ಲ ಮಕ್ಕಳಿಗೂ ಲಸಿಕೆ ಸಿಗುವುದಿಲ್ಲ. ಹುಷಾರಿಲ್ಲದ ಮಗುವಿಗೆ ಸಿಸ್ಟರ್ ಆ ದಿನ ಹಾಕುವುದಿಲ್ಲ, ಹಾಗಾಗಿ ಸಂಖ್ಯೆ ಕಮ್ಮಿಯಾಗುತ್ತದೆ. ಇನ್ನೊಂದು ಕಡೆ ಸಾವುಗಳು ಮೊದಲ ತಿಂಗಳುಗಳಲ್ಲೇ ಜಾಸ್ತಿ, ಅದರಿಂದ ಏರುತ್ತದೆ. ಆದರೂ ನೂರಾರು ಅನ್ನುವುದು ಬದಲಾಗುವುದಿಲ್ಲ. ವಾಟ್ಸಾಪಿನಲ್ಲಿ "ಲಸಿಕೆ ನಂತರ ಇಷ್ಟು ಸಾವು" ಅಂತ ಬಂದಾಗ ಎರಡು ಪ್ರಶ್ನೆ ಕೇಳಿ. ಎಷ್ಟು ಡೋಸಿನಲ್ಲಿ? ಲಸಿಕೆ ಇಲ್ಲದಿದ್ದರೆ ಅಷ್ಟೇ ದಿನದಲ್ಲಿ ಎಷ್ಟು ಆಗುತ್ತಿತ್ತು? ಎರಡನೆಯದಕ್ಕೆ ಉತ್ತರ ಇಲ್ಲದಿದ್ದರೆ ಆ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ.

ಹಾಸನದ ವಿಷಯವೂ ಹೀಗೇ. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ವರ್ಷಕ್ಕೆ ಸಾವಿರಕ್ಕೆ 6 ಸಾವು ಹಿಡಿದರೂ ದಿನಕ್ಕೆ 29 ಜನ. ಅದರಲ್ಲಿ ಕಾಲು ಭಾಗ ಹೃದಯ ಮತ್ತು ರಕ್ತನಾಳದ್ದು ಅಂದರೆ ದಿನಕ್ಕೆ 7. ನಲವತ್ತು ದಿನಕ್ಕೆ 290ರ ಹತ್ತಿರ. ಟಿವಿ ಎಣಿಸಿದ್ದು ಇಪ್ಪತ್ತು ಚಿಲ್ಲರೆ. ಹೌದು, ನನ್ನ 290ರಲ್ಲಿ ಜಾಸ್ತಿ ವಯಸ್ಸಾದವರು, ಟಿವಿಯಲ್ಲಿ ಬಂದವರಲ್ಲಿ ಎಳೆಯರಿದ್ದರು. ಅದಕ್ಕೇ ಸರ್ಕಾರ ಆಗ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಮಾಡಿ ಒಂದೊಂದೇ ಸಾವನ್ನು ಪರಿಶೀಲಿಸಿತು. 24ರಲ್ಲಿ 20 ಮಾತ್ರ ಹೃದಯಕ್ಕೆ ಸಂಬಂಧಿಸಿದ್ದು. ಹಾರ್ಟ್ ಅಟ್ಯಾಕ್ ಪಟ್ಟಿಯಲ್ಲಿ ರಸ್ತೆ ಅಪಘಾತ, ಕರೆಂಟ್ ಶಾಕ್ ಕೂಡ ಸೇರಿಹೋಗಿತ್ತು. ಲಸಿಕೆಗೆ ಸಂಬಂಧ ಕಾಣಲಿಲ್ಲ. ಅದಕ್ಕೂ ಮೊದಲು ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 18ರಿಂದ 45 ವಯಸ್ಸಿನಲ್ಲಿ ಹಠಾತ್ತಾಗಿ ಸತ್ತ 729 ಜನರನ್ನು, ಅದೇ ವಯಸ್ಸಿನ, ಅದೇ ಊರುಕೇರಿಯ 2,916 ಜನರ ಜೊತೆ ಹೋಲಿಸಿತ್ತು. ಎರಡು ಡೋಸ್ ಹಾಕಿಸಿಕೊಂಡವರಲ್ಲಿ ಹಠಾತ್ ಸಾವು ಕಮ್ಮಿಯೇ ಇತ್ತು.

ಹಾಗಾದರೆ ಎಲ್ಲವೂ ಕಾಕತಾಳೀಯವಾ? ಅಲ್ಲ. ಲಸಿಕೆಯಿಂದ ನಿಜವಾಗಿ ತೊಂದರೆ ಆದದ್ದುಂಟು, ಅದನ್ನು ಎಣಿಕೆಯೇ ಹಿಡಿದದ್ದೂ ಉಂಟು. ನಿಮ್ಮ ಮಗುವಿಗೆ ಗುರುವಾರ ರೋಟಾ ಹಾಕುತ್ತಾರಲ್ಲ, ಅದರ ಹಳೆಯ ಕಥೆ ಕೇಳಿ.

1998ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ರೋಟಾಶೀಲ್ಡ್ ಅನ್ನುವ ಮೊದಲ ರೋಟಾ ಲಸಿಕೆಗೆ ಅನುಮತಿ ಸಿಕ್ಕಿತು. ಪರೀಕ್ಷೆಯಲ್ಲಿ ಸುಮಾರು 10 ಸಾವಿರ ಮಕ್ಕಳಿಗೆ ಕೊಟ್ಟು ನೋಡಿದ್ದರು. ಐದು ಮಕ್ಕಳಿಗೆ ಕರುಳಿನೊಳಗೆ ಕರುಳು ಸಿಕ್ಕಿಕೊಳ್ಳುವ ತೊಂದರೆ ಆಗಿತ್ತು. ಐದು ಅನ್ನುವುದು ಆಕಸ್ಮಿಕವೂ ಇರಬಹುದು, ಅಷ್ಟು ಚಿಕ್ಕ ಗುಂಪಿನಲ್ಲಿ ಹೇಳಲು ಬರುವುದಿಲ್ಲ. ಲಸಿಕೆ ಲಕ್ಷಾಂತರ ಮಕ್ಕಳಿಗೆ ಹೋದ ಮೇಲೆ 1999ರ ಜುಲೈ ಹೊತ್ತಿಗೆ ಇಂಥ 15 ವರದಿ ಬಂದವು. ಬರೀ 15! ಆದರೆ ಅವು ಎಲ್ಲ ದಿನಗಳಲ್ಲಿ ಹರಡಿರಲಿಲ್ಲ. ಸಂತೆ ದಿನ ಜನ ಸೇರಿದ ಹಾಗೆ ಡೋಸ್ ಆದ ಮೊದಲ ವಾರಕ್ಕೇ ಗುಂಪಾಗಿದ್ದವು. ಕಾಕತಾಳೀಯವಾದದ್ದು ಹೀಗೆ ಗುಂಪು ಕಟ್ಟುವುದಿಲ್ಲ, ಮುಂಚೆ ದಿನವೂ ಮರುದಿನವೂ ಒಂದೇ ಸಮ ಇರುತ್ತದೆ. ತಕ್ಷಣ ಕೊಡುವುದನ್ನು ನಿಲ್ಲಿಸಿದರು. ಅಕ್ಟೋಬರಿನಲ್ಲಿ ಲಸಿಕೆಯನ್ನೇ ವಾಪಸ್ ಪಡೆದರು. ಕೊನೆಗೆ ಸಿಕ್ಕಿದ ಅಂದಾಜು ಸುಮಾರು 10 ಸಾವಿರ ಮಕ್ಕಳಿಗೆ ಒಂದು. ಆಮೇಲೆ ಬಂದ ಎರಡು ರೋಟಾ ಲಸಿಕೆಗಳನ್ನು ತಲಾ 60 ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಪರೀಕ್ಷೆ ಮಾಡಿಸಿದರು. ಭಾರತದಲ್ಲಿ ರೋಟಾ ಲಸಿಕೆ ಸರ್ಕಾರದ ಕಾರ್ಯಕ್ರಮಕ್ಕೆ ಬಂದದ್ದು 2016ರಲ್ಲಿ.

60 ಸಾವಿರ ಯಾಕೆ? ಒಂದು ಸುಲಭ ಸೂತ್ರ ಇದೆ, ನನ್ನ ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಇಷ್ಟು ಜನರಲ್ಲಿ ಒಂದೂ ಕೆಟ್ಟದ್ದು ಆಗಲಿಲ್ಲ ಅಂದರೆ, 3ನ್ನು ಆ ಸಂಖ್ಯೆಯಿಂದ ಭಾಗಿಸಿ. ಅಪಾಯ ಅದಕ್ಕಿಂತ ಕಮ್ಮಿ ಅಂತ ನೂರಕ್ಕೆ 95 ಪಾಲು ನಂಬಬಹುದು. 3 ಸಾವಿರ ಜನರಲ್ಲಿ ಸೊನ್ನೆ ಅಂದರೆ ಸಾವಿರಕ್ಕೊಂದಕ್ಕಿಂತ ಕಮ್ಮಿ, ಅಷ್ಟೇ. 10 ಸಾವಿರಕ್ಕೊಂದಕ್ಕಿಂತ ಕಮ್ಮಿ ಅನ್ನಬೇಕಾದರೆ ಲಸಿಕೆ ಪಡೆದವರೇ 30 ಸಾವಿರ ಬೇಕು, ಅದಕ್ಕೇ ಅಷ್ಟು ದೊಡ್ಡ ಪರೀಕ್ಷೆ. ಸಿಸ್ಟರ್ 20 ಸಾವಿರ ಇಂಜೆಕ್ಷನ್‌ನಲ್ಲಿ ಒಂದೂ ಅನಫೈಲಾಕ್ಸಿಸ್ ನೋಡಿಲ್ಲ. ಅದರಿಂದ ತಿಳಿಯುವುದು ಏಳು ಸಾವಿರಕ್ಕೊಂದಕ್ಕಿಂತ ಹೆಚ್ಚು ಇರಲಾರದು ಅಂತ. ಅವರು ತಾವಾಗಿಯೇ ಇದನ್ನು ಕಂಡುಕೊಂಡಿದ್ದಾರೆ, ನನಗೆ ಬಹಳ ಸಂತೋಷ ಆಯಿತು.

ಇನ್ನು ತಕ್ಕಡಿಯ ಇನ್ನೊಂದು ತಟ್ಟೆ. ಜಪಾನಿನಲ್ಲಿ 1974-75ರ ಹೊತ್ತಿಗೆ ಇದೇ ಡಿಪಿಟಿ ಹಾಕಿದ ನಂತರ ಎರಡು ಮಕ್ಕಳು ತೀರಿಕೊಂಡವು ಅಂತ ಲಸಿಕೆ ನಿಂತುಹೋಯಿತು, ಆಮೇಲೆ ಶುರುವಾದರೂ ಜನ ಬರಲಿಲ್ಲ. 1974ರಲ್ಲಿ ಇಡೀ ದೇಶದಲ್ಲಿ ನಾಯಿಕೆಮ್ಮು 393, ಸಾವು ಒಂದೂ ಇಲ್ಲ. 1979ರಲ್ಲಿ 13 ಸಾವಿರಕ್ಕೂ ಹೆಚ್ಚು ಕೇಸು, 41 ಸಾವು. ಆ ಎರಡು ಮಕ್ಕಳ ಸುದ್ದಿ ಎಲ್ಲ ಕಡೆ ಹರಡಿತ್ತು. ಈ 41ನ್ನು ಯಾರೂ "ಲಸಿಕೆ ಹಾಕಿಸದ್ದರಿಂದ" ಅಂತ ಪಟ್ಟಿ ಮಾಡಿ ಹಂಚಲಿಲ್ಲ.


ಉತ್ತರ 3: ಧಾರವಾಡದ ಅಪ್ಪ

ಮೇಷ್ಟ್ರೇ, ನಿಮ್ಮ ಲೆಕ್ಕ ಓದಿದೆ. ತಪ್ಪು ಅನ್ನುವುದಿಲ್ಲ. ಆದರೆ ನನ್ನದೂ ಸ್ವಲ್ಪ ಕೇಳಿ.

ನನ್ನ ಮಗನಿಗೆ ಒಂದೂವರೆ ವರ್ಷದ ಇಂಜೆಕ್ಷನ್ ಆದ ರಾತ್ರಿ ಜ್ವರ ಏರಿತು. ಹನ್ನೊಂದು ಗಂಟೆಗೆ ಫಿಟ್ಸ್ ಬಂತು. ಕಣ್ಣು ಮೇಲೆ ಸಿಕ್ಕಿಕೊಂಡು, ಬಾಯಿ ಬಿಗಿದು, ಕೈ ಒಂದೇ ಸಮ ಜಗ್ಗುತ್ತಿತ್ತು. ಎರಡು ನಿಮಿಷ ಇರಬಹುದು. ನನಗೆ ಎರಡು ಗಂಟೆ ಅನ್ನಿಸಿತು. ಬೈಕಿನಲ್ಲಿ ಹೆಂಡತಿ ಹಿಂದೆ ಕೂತು ಮಗುವನ್ನು ಎದೆಗೆ ಅವಚಿಕೊಂಡು ಆಸ್ಪತ್ರೆಗೆ ಓಡಿದೆವು. ಅಲ್ಲಿ ಹೋಗುವಷ್ಟರಲ್ಲಿ ಫಿಟ್ಸ್ ನಿಂತಿತ್ತು. ಮಗ ಈಗ ಆರು ವರ್ಷದವನು, ಚೆನ್ನಾಗಿದ್ದಾನೆ, ಒಂದನೇ ಕ್ಲಾಸು.

ನನ್ನ ಸಿಟ್ಟು ಲಸಿಕೆ ಮೇಲಲ್ಲ. ಮರುದಿನ ಇಂಜೆಕ್ಷನ್ ಹಾಕಿದ ಕಡೆ ಹೋಗಿ ಹೇಳಿದೆ, ಹೀಗಾಯಿತು, ಬರೆದುಕೊಳ್ಳಿ ಅಂದೆ. "ಜ್ವರಕ್ಕೆ ಬಂದದ್ದು ಸರ್, ಇದನ್ನೆಲ್ಲ ಬರೆಯೋದಿಲ್ಲ" ಅಂದರು. ನನ್ನ ಮಗ ಯಾವ ಲೆಕ್ಕದಲ್ಲೂ ಇಲ್ಲ. ಹಾಗಿದ್ದ ಮೇಲೆ ನೀವು ಹೇಳುವ "10 ಲಕ್ಷಕ್ಕೆ ಇಷ್ಟು" ಅನ್ನುವುದರ ಮೇಲೆ ನಾನು ಹೇಗೆ ಭರವಸೆ ಇಡಲಿ? ಬರೆಯದೇ ಇದ್ದದ್ದು ಆಗಿಯೇ ಇಲ್ಲ ಅಂತ ಆಗುತ್ತದಲ್ಲ?


ಲೆಕ್ಕದ ಮೇಷ್ಟ್ರು, ತುಮಕೂರು

ಸರ್, ನಿಮ್ಮ ಮಾತು ಪೂರ್ತಿ ಸರಿ. ಅವರು ಬರೆದುಕೊಳ್ಳಬೇಕಿತ್ತು. ಕಾರಣ ಲಸಿಕೆಯಾ ಜ್ವರವಾ ಅಂತ ತೀರ್ಮಾನ ಮಾಡುವುದು ಅಲ್ಲಿ ಕೂತವರ ಕೆಲಸವೇ ಅಲ್ಲ. ಅವರದ್ದು ಬರೆಯುವ ಕೆಲಸ, ತೀರ್ಮಾನಕ್ಕೆ ಸಮಿತಿಗಳಿವೆ.

ಹೇಳಿದ್ದನ್ನಷ್ಟೇ ಬರೆದುಕೊಳ್ಳುವ ಪದ್ಧತಿಯಲ್ಲಿ ಸಂಖ್ಯೆ ಯಾವಾಗಲೂ ಕಮ್ಮಿ ಇರುತ್ತದೆ. ಕೋವಿಡ್ ಸಮಯದ್ದೇ ನೋಡಿ. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹೇಳಿದ್ದು, ಕೋವಿಡ್ ಲಸಿಕೆಯ ನೋಂದಣಿ ಜಾಲತಾಣ ಕೋವಿನ್‌ನಲ್ಲಿ 23 ಸಾವಿರಕ್ಕೂ ಹೆಚ್ಚು ತೊಂದರೆಗಳು ದಾಖಲಾಗಿವೆ, 753 ಜಿಲ್ಲೆಗಳಲ್ಲಿ 684ರಿಂದ ಬಂದಿವೆ ಅಂತ. ಉಳಿದ 69 ಜಿಲ್ಲೆಗಳಲ್ಲಿ ಯಾರಿಗೂ ಏನೂ ಆಗಲಿಲ್ಲವಾ? ಯಾರೂ ಬರೆಯಲಿಲ್ಲ ಅಂತಲೇ ನನ್ನ ತಿಳಿವಳಿಕೆ. ಕೋವಿಶೀಲ್ಡ್ ನಂತರದ ರಕ್ತ ಹೆಪ್ಪುಗಟ್ಟುವ ತೊಂದರೆ ನಮ್ಮಲ್ಲಿ 10 ಲಕ್ಷ ಡೋಸಿಗೆ 0.61 ಅಂದರು. ಅದೇ ಹೇಳಿಕೆಯಲ್ಲಿ ಬ್ರಿಟನ್ನಿನದು 4, ಜರ್ಮನಿಯದು 10 ಅಂತ ಇತ್ತು. ಲಸಿಕೆ ಒಂದೇ. ನಮ್ಮ ಕಡೆಯ ಜನರಿಗೆ ಆ ತೊಂದರೆ ಕಮ್ಮಿ ಅಂತ ಅವರು ಹೇಳಿದರು, ಅದೂ ಇರಬಹುದು. ಆದರೆ ಹುಡುಕಿ ಎಣಿಸುವ ಊರಿಗೂ ಬಂದದ್ದನ್ನು ಎಣಿಸುವ ಊರಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ಅದಕ್ಕೇ ನಾನು ಅಪಾಯದ ಪ್ರಮಾಣ ಹೇಳುವಾಗ ಆಸ್ಪತ್ರೆ ದಾಖಲೆಗಳನ್ನು ಲಸಿಕೆ ದಾಖಲೆಗೆ ಜೋಡಿಸಿ ಹುಡುಕಿದ ಅಧ್ಯಯನಗಳನ್ನೇ ಹಿಡಿಯುತ್ತೇನೆ. ಸಿಸ್ಟರ್ ಹೇಳಿದ ಎರಡೂವರೆ ಕೋಟಿ ಡೋಸಿನದು ಅಂಥದ್ದೇ. ಅಲ್ಲಿ ತಂದೆ ತಾಯಿ ಹೋಗಿ ದೂರು ಕೊಡಬೇಕಾಗಿಲ್ಲ.

ನಿಮ್ಮ ಮಗನ ವಿಷಯ. ಜ್ವರದ ಫಿಟ್ಸ್ ಲಸಿಕೆ ಇಲ್ಲದೆಯೂ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಬರುತ್ತದೆ. ಲಸಿಕೆಯಿಂದ ಬರುವ ಜ್ವರಕ್ಕೂ ಬರಬಹುದು, ಅದು ನಿಜವಾದ ಅಡ್ಡ ಪರಿಣಾಮ. ದಡಾರ, ಮಂಗನಬಾವು, ರುಬೆಲ್ಲಾ ಮೂರೂ ಇರುವ ಎಂಎಂಆರ್ ಲಸಿಕೆಗೆ ಅದರ ಲೆಕ್ಕ 3ರಿಂದ 4 ಸಾವಿರ ಡೋಸಿಗೆ ಒಂದು. ಹೆದರಿಸುವ ಎರಡು ನಿಮಿಷ, ಆದರೆ ಮೆದುಳಿಗೆ ಪೆಟ್ಟು ಕೊಡುವುದಿಲ್ಲ. ಒಂದು ಕಾಲದಲ್ಲಿ ಡಿಪಿಟಿಯಿಂದ ಮೆದುಳೇ ಹಾಳಾಗುತ್ತದೆ ಅಂತ ಬ್ರಿಟನ್ನಿನಲ್ಲಿ ದೊಡ್ಡ ಗಲಾಟೆ ಆಗಿತ್ತು. 2006ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅಂಥ 14 ಜನರ ಜೀನ್ ಪರೀಕ್ಷೆ ಮಾಡಿದರು. 11 ಜನರಲ್ಲಿ ಹುಟ್ಟಿನಿಂದಲೇ ಇದ್ದ ಒಂದೇ ಜೀನಿನ ದೋಷ ಸಿಕ್ಕಿತು. ಫಿಟ್ಸ್ ಬರುವುದು ಇದ್ದೇ ಇತ್ತು, ಲಸಿಕೆಯ ಜ್ವರ ಅದನ್ನು ಮೊದಲ ಸಲ ತೋರಿಸಿತು. ಆ ತಂದೆ ತಾಯಿಗಳು ಇಪ್ಪತ್ತು ಮೂವತ್ತು ವರ್ಷ "ನಾವೇ ಕರೆದುಕೊಂಡು ಹೋಗಿ ಹಾಕಿಸಿದೆವು" ಅಂತ ಕೊರಗಿರಬಹುದು ಅಂತ ನೆನೆಸಿದರೆ ನನಗೆ ಸಂಕಟ ಆಗುತ್ತದೆ.


ನಿವೃತ್ತ ಸಿಸ್ಟರ್, ಸಕಲೇಶಪುರ

ಧಾರವಾಡದ ಅಪ್ಪನಿಗೆ ನಮ್ಮವರ ಪರವಾಗಿ ಕ್ಷಮೆ ಕೇಳುತ್ತೇನೆ. ಫಿಟ್ಸ್ ಬಂದು ಆಸ್ಪತ್ರೆಗೆ ಓಡಿದ್ದನ್ನು ಬರೆಯಲೇಬೇಕು. ಲಸಿಕೆ ನಂತರದ ತೊಂದರೆ ಬರೆಯಲು ಎಇಎಫ್ಐ ಅಂತ ಫಾರ್ಮ್ ಇದೆ, ವೈದ್ಯಾಧಿಕಾರಿಗೆ ತಿಳಿಸಬೇಕು, ಅಲ್ಲಿಂದ ಜಿಲ್ಲೆಗೆ ಹೋಗುತ್ತದೆ. ಬರೆಯದೇ ಇರುವುದಕ್ಕೆ ಕಾರಣ ನನಗೆ ಗೊತ್ತು. ಬರೆದರೆ "ನೀನು ಏನು ತಪ್ಪು ಮಾಡಿದೆ" ಅಂತ ಮೊದಲು ಕೇಳುವುದು ಸಿಸ್ಟರನ್ನೇ. ಆ ಭಯ ಹೋಗುವವರೆಗೂ ಲೆಕ್ಕ ತುಂಬುವುದಿಲ್ಲ. ಯಾರೂ ಬರೆದುಕೊಳ್ಳದಿದ್ದರೆ ಜನ ತಾವೇ ತಿಳಿಸಲು 1800-180-3024 ಅನ್ನುವ ಉಚಿತ ಸಹಾಯವಾಣಿ ಇದೆ, ಔಷಧಿಗಳ ಅಡ್ಡ ಪರಿಣಾಮಕ್ಕೆ ಅಂತಲೇ ಇರುವುದು.

ಹೊಸ ಅಮ್ಮ, ನಿಮಗೆ ಇನ್ನೊಂದು ಹೇಳದೆ ಬಿಟ್ಟರೆ ನನ್ನ ಮನಸ್ಸು ಒಪ್ಪುವುದಿಲ್ಲ. ಲಸಿಕೆ ಒಳ್ಳೆಯದಿದ್ದು ಕೈ ತಪ್ಪಿದರೂ ಮಕ್ಕಳು ಹೋಗುತ್ತವೆ. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾದ ಎಂಆರ್ ಲಸಿಕೆ ಆದ ಮೇಲೆ ಮೂರು ಕೂಸುಗಳು ಹೋದವು. ಲಸಿಕೆ ಇಟ್ಟು ಬಳಸಿದ ರೀತಿಯಲ್ಲಿ ತಪ್ಪಾಗಿದೆ ಅಂತ ಆಗ ಅಧಿಕಾರಿಗಳು ಹೇಳಿದರು. ಆ ಸುದ್ದಿ ಓದಿದ ದಿನ ನಾನು ಊಟ ಮಾಡಲಿಲ್ಲ. ಈ ಅಪಾಯವನ್ನು ಲಕ್ಷಕ್ಕೆ ಇಷ್ಟು ಅಂತ ಹೇಳಲು ಬರುವುದಿಲ್ಲ, ಅದು ಆ ದಿನದ ಆ ಕೈಯದು. ಆದರೆ ಒಳ್ಳೆಯದೇನೆಂದರೆ, ಇದನ್ನು ನೀವೇ ಕಣ್ಣಾರೆ ನೋಡಬಹುದು.

ಸಿರಿಂಜ್ ನಿಮ್ಮ ಎದುರೇ ಕವರಿನಿಂದ ಹೊರಬರಬೇಕು. ಒಮ್ಮೆ ಒತ್ತಿದರೆ ಮತ್ತೆ ಎಳೆಯಲಾಗದ ಸಿರಿಂಜ್ ಅದು. ಸೀಸೆಯ ಮೇಲೆ ಒಂದು ವೃತ್ತ, ಅದರೊಳಗೆ ಚೌಕ ಇರುತ್ತದೆ. ಚೌಕ ಸುತ್ತಲಿನ ವೃತ್ತಕ್ಕಿಂತ ಬಿಳಿಯಾಗಿದ್ದರೆ ಲಸಿಕೆ ಬಿಸಿ ತಗುಲಿ ಕೆಟ್ಟಿಲ್ಲ ಅಂತ. ಪೆಂಟಾ ಸೀಸೆ ತೆರೆದ ಮೇಲೆ ತಣ್ಣಗೆ ಸರಿಯಾಗಿ ಇಟ್ಟಿದ್ದರೆ 28 ದಿನ ಬಳಸಬಹುದು, ಮೇಲೆ ತೆರೆದ ತಾರೀಕು ಬರೆದಿರಬೇಕು. ಒಂಬತ್ತು ತಿಂಗಳಿಗೆ ಎಂಆರ್ ಹಾಕಿಸುವಾಗ ಇದಕ್ಕಿಂತ ಹುಷಾರು. ಪುಡಿಗೆ ನೀರು ಬೆರೆಸಿದ ಮೇಲೆ ನಾಲ್ಕೇ ಗಂಟೆ, ಆಮೇಲೆ ಎಸೆಯಬೇಕು. "ಎಷ್ಟು ಗಂಟೆಗೆ ಬೆರೆಸಿದಿರಿ ಸಿಸ್ಟರ್?" ಅಂತ ಕೇಳಿ. ನನ್ನನ್ನು ಯಾರಾದರೂ ಹೀಗೆ ಕೇಳಿದ್ದರೆ ನಾನು ಸಿಟ್ಟಾಗುತ್ತಿರಲಿಲ್ಲ, ಸೀಸೆ ತಿರುಗಿಸಿ ತೋರಿಸುತ್ತಿದ್ದೆ.

ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ, ಮನೆ ಹತ್ತಿರ ಅಂತ ಎದ್ದು ಬರಬೇಡಿ. ಆ ದೊಡ್ಡ ಅಲರ್ಜಿ ಬರುವುದಾದರೆ ಸಾಮಾನ್ಯವಾಗಿ ಆ ಹೊತ್ತಿನಲ್ಲೇ, ಅಡ್ರಿನಲಿನ್ ಇರುವುದೂ ಅಲ್ಲೇ. ರಾತ್ರಿ ಜ್ವರ ಬಂದರೆ ಪ್ಯಾರಾಸಿಟಮಾಲ್ ಹನಿ, ಮಗುವಿನ ತೂಕಕ್ಕೆ ಅವರು ಬರೆದುಕೊಟ್ಟ ಅಳತೆಯಲ್ಲೇ. ಹಾಲು ಬಿಟ್ಟರೆ, ಮೈ ಜೋಲು ಬಿದ್ದರೆ, ಫಿಟ್ಸ್ ಬಂದರೆ, ಉಸಿರು ಜೋರಾದರೆ ಬೆಳಗಾಗಲಿ ಅಂತ ಕಾಯಬೇಡಿ.

ಮತ್ತೆ ಅತ್ತೆಯನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಕರೆದುಕೊಂಡು ಹೋಗಿ. ಸೀಸೆಯ ಚೌಕ ಅವರೇ ನೋಡಲಿ.


ಅರಕಲಗೂಡಿನ ಹೊಸ ಅಮ್ಮ

ಎಲ್ಲರಿಗೂ ತಿಳಿಸೋಣ ಅಂತ ಬಂದೆ. ಗುರುವಾರ ಹಾಕಿಸಿದೆವು.

ಮೇಷ್ಟ್ರ ಲೆಕ್ಕವನ್ನು ಅತ್ತೆಗೆ ಹೇಳಿದೆ, ದಿನಕ್ಕೆ 600 ಅಂದಾಗ "ಅಷ್ಟು ಕೂಸುಗಳಾ" ಅಂತ ಇನ್ನೂ ಹೆದರಿದರು. ಆಮೇಲೆ ಸಿಸ್ಟರ್ ಬರೆದ ಸೆರಗಿನ ಗಂಟಿನ ವಿಷಯ ಓದಿ ಹೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. "ಆಯಮ್ಮ ಆಮೇಲೆ ಏನಾದಳು?" ಅಂತ ಒಂದೇ ಕೇಳಿದರು. ಬುಧವಾರ ರಾತ್ರಿ ತಾವೇ ಪಾಪುವಿನ ಕಾರ್ಡ್ ಹುಡುಕಿ ದೇವರ ಮನೆಯ ಗೂಡಿನಲ್ಲಿ ಇಟ್ಟರು.

ಅಂಗನವಾಡಿಯಲ್ಲಿ ಅತ್ತೆ ಕನ್ನಡಕ ಹಾಕಿಕೊಂಡು ಸೀಸೆ ಕೈಗೆ ತಗೊಂಡು ಚೌಕ ನೋಡಿದರು. ಬಿಳಿ ಇತ್ತು. ಅಲ್ಲಿನ ಸಿಸ್ಟರ್ ಬೇಜಾರು ಮಾಡಿಕೊಳ್ಳಲಿಲ್ಲ, ತೆರೆದ ತಾರೀಕನ್ನೂ ತೋರಿಸಿದರು. ಪೆಂಟಾ ಎಡ ತೊಡೆಗೆ, ಪಿಸಿವಿ ಬಲ ತೊಡೆಗೆ, ಐಪಿವಿ ಬಲಗೈಗೆ. ಮೂರು ಸಲ ಅತ್ತಳು. ಅರ್ಧ ಗಂಟೆ ಅಂದರೆ ನಾವು ಮುಕ್ಕಾಲು ಗಂಟೆ ಕೂತೆವು.

ಸಂಜೆ ಏಳಕ್ಕೆ ಮೈ ಬಿಸಿ. ಒಂಬತ್ತಕ್ಕೆ 101. ಹನಿ ಹಾಕಿದೆವು. ಇಡೀ ರಾತ್ರಿ ಅತ್ತೆ ತೊಡೆ ಮೇಲಿಂದ ಇಳಿಸಲಿಲ್ಲ, ನಾನು ಗಂಟೆಗೊಮ್ಮೆ ಎದ್ದು ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಬೆಳಗಿನ ಜಾವ ನಾಲ್ಕಕ್ಕೆ ಬೆವರಿ ಜ್ವರ ಬಿಟ್ಟಿತು, ಹಾಲು ಕುಡಿದಳು.

ಸಿಸ್ಟರ್, ಒಂದು ಕೇಳಬೇಕಿತ್ತು. ಎಡ ತೊಡೆಯಲ್ಲಿ ಕಡಲೆಕಾಳಿನಷ್ಟು ಗಟ್ಟಿ ಗಂಟು ಇದೆ. ನೋವು ಇದ್ದ ಹಾಗಿಲ್ಲ. ಅತ್ತೆ ಬಿಸಿ ಬಟ್ಟೆ ಶಾಖ ಕೊಡೋಣ ಅನ್ನುತ್ತಿದ್ದಾರೆ. ಮುಂದಿನದು ಹತ್ತನೇ ವಾರಕ್ಕೆ.


ನಿವೃತ್ತ ಸಿಸ್ಟರ್, ಸಕಲೇಶಪುರ

ಶಾಖ ಬೇಡ, ಉಜ್ಜುವುದೂ ಬೇಡ. ಆ ಗಂಟು ಕೆಲವು ವಾರ ಇದ್ದು ತಾನೇ ಕರಗುತ್ತದೆ. ಕೆಂಪಾಗಿ, ದೊಡ್ಡದಾಗಿ, ಮುಟ್ಟಿದರೆ ಅಳುವ ಹಾಗಾದರೆ ಮಾತ್ರ ತೋರಿಸಿ. ಹತ್ತನೇ ವಾರ ಹೋದಾಗ ಆ ಸಿಸ್ಟರ್‌ಗೆ ಗಂಟಿನ ವಿಷಯವನ್ನೂ 101 ಜ್ವರವನ್ನೂ ಹೇಳಿ, ಬರೆದುಕೊಳ್ಳಲಿ.

ಅತ್ತೆಗೆ ಹೇಳಿ, ಆಯಮ್ಮನಿಗೆ ಆಮೇಲೆ ಇಬ್ಬರು ಮಕ್ಕಳಾದರು. ಇಬ್ಬರಿಗೂ ನಾನೇ ಹಾಕಿದೆ.